ಕುದುರೆ ಕಮ್ಮಿ, ಸವಾರರು ಜಾಸ್ತಿ: ಈ ಉದ್ಯಮ ಎತ್ತ ಹೊರಟಿದೆ?

ಲಾಯದೊಡತಿ

ಎಲ್ಲರಿಗೂ ನಮಸ್ಕಾರ. ಹದಿನಾಲ್ಕು ವರ್ಷದಿಂದ ಸವಾರಿ ಶಾಲೆ ನಡೆಸುತ್ತಿದ್ದೇನೆ. ಶುರು ಮಾಡಿದಾಗ ಲಾಯದಲ್ಲಿ ಹನ್ನೆರಡು ಕುದುರೆ ಇದ್ದವು, ಅದರಲ್ಲಿ ಎಂಟು ಬೇರೆಯವರವು. ಅವರು ತಿಂಗಳಿಗೆ ಇಷ್ಟು ಅಂತ ಕೊಡುತ್ತಿದ್ದರು. ಮೇವು, ನೀರು, ಮಾಲೀಸು, ನಡೆದಾಡಿಸುವುದು ಎಲ್ಲ ನಮ್ಮದು. ಇವತ್ತೂ ಹನ್ನೆರಡೇ ಇವೆ. ಆದರೆ ಹತ್ತು ನನ್ನವೇ. ಸ್ವಂತ ಕುದುರೆ ಇಟ್ಟುಕೊಂಡಿದ್ದವರು ಒಬ್ಬೊಬ್ಬರಾಗಿ ಕೈಬಿಟ್ಟರು, ಗಂಟೆ ಲೆಕ್ಕದಲ್ಲಿ ಸವಾರಿಗೆ ಬರುವವರು ದುಪ್ಪಟ್ಟಾದರು.

ಮೇಲ್ನೋಟಕ್ಕೆ ವ್ಯಾಪಾರ ಬೆಳೆದಿದೆ. ಶನಿವಾರ, ಭಾನುವಾರ ಜಾಗ ಸಿಗುವುದಿಲ್ಲ, ಮೊಬೈಲಿನಲ್ಲೇ ಬುಕಿಂಗ್ ತುಂಬಿಹೋಗುತ್ತದೆ. ಆದರೆ ಲೆಕ್ಕದ ಪುಸ್ತಕ ತೆಗೆದು ಕೂತರೆ ಮಂಗಳವಾರ, ಬುಧವಾರ ಕಣ್ಣಿಗೆ ಬೀಳುತ್ತವೆ. ಐನೂರು ಕಿಲೋ ತೂಗುವ ಕುದುರೆ ದಿನಕ್ಕೆ ತನ್ನ ತೂಕದ ಶೇ. 1.5ರಿಂದ 2ರಷ್ಟು, ಅಂದರೆ ಎಂಟು ಹತ್ತು ಕಿಲೋ ಒಣಮೇವು ತಿನ್ನಬೇಕು. 25ರಿಂದ 40 ಲೀಟರ್ ನೀರು ಕುಡಿಯಬೇಕು. ಬೆನ್ನ ಮೇಲೆ ಯಾರೂ ಕೂರದ ದಿನವೂ ಇದು ತಪ್ಪುವುದಿಲ್ಲ. ಹೋಟೆಲಿನ ರೂಮಾದರೆ ಖಾಲಿ ಇದ್ದ ದಿನ ಬೀಗ ಹಾಕಬಹುದು. ಲಾಯಕ್ಕೆ ಹಾಗೆ ಬೀಗ ಹಾಕಲಾದೀತೆ?

ಹಿಂದೆ ಕುದುರೆಯ ಖರ್ಚು, ಅಪಾಯ, ಮುಪ್ಪು ಮೂರೂ ಒಬ್ಬ ಮಾಲೀಕರ ಪಾಲಿಗಿದ್ದವು. ಈಗ ಜನ ಕುದುರೆಯ ಒಂದು ಗಂಟೆಯನ್ನೋ ಒಂದು ಚೂರು ಪಾಲನ್ನೋ ಕೊಳ್ಳುತ್ತಾರೆ. ಉಳಿದದ್ದು ಯಾರ ತಲೆಯ ಮೇಲೆ ಬೀಳುತ್ತಿದೆ ಅನ್ನುವುದೇ ನನ್ನ ಪ್ರಶ್ನೆ. ತಳಿ, ರೇಸು, ವೈದ್ಯ, ಲಾಳ, ಸ್ಪರ್ಧೆ, ಯಾವ ಕಡೆಯಿಂದಾದರೂ ಸರಿ, ನಿಮ್ಮ ಅನುಭವ ಬರೆಯಿರಿ.

ಲೆಕ್ಕಿಗ

ಮೇಡಂ, ನಿಮ್ಮ ಲಾಯದಲ್ಲಿ ನಡೆದದ್ದು ಅಮೆರಿಕದಂಥ ದೊಡ್ಡ ದೇಶದ ಅಂಕಿಗಳಲ್ಲೂ ಕಾಣುತ್ತದೆ. ಅಲ್ಲಿನ ಕುದುರೆ ಉದ್ಯಮದ ಸಂಘ ಅಮೆರಿಕನ್ ಹಾರ್ಸ್ ಕೌನ್ಸಿಲ್ ಆಗಾಗ ಆರ್ಥಿಕ ಸಮೀಕ್ಷೆ ಮಾಡಿಸುತ್ತದೆ. 2017ರಲ್ಲಿ ಅಲ್ಲಿ ಸುಮಾರು 72 ಲಕ್ಷ ಕುದುರೆಗಳಿದ್ದವು, 2023ರ ಸಮೀಕ್ಷೆಯಲ್ಲಿ 66 ಲಕ್ಷದ ಚಿಲ್ಲರೆ. ಅದೇ ಅವಧಿಯಲ್ಲಿ ಉದ್ಯಮದ ಒಟ್ಟು ಆರ್ಥಿಕ ಕೊಡುಗೆ 12,200 ಕೋಟಿ ಡಾಲರಿನಿಂದ 17,700 ಕೋಟಿ ಡಾಲರಿಗೆ ಏರಿದೆ. ಬೆಲೆಯೇರಿಕೆಯ ಪಾಲನ್ನು ತೆಗೆದರೂ ದಿಕ್ಕು ಗೊತ್ತಾಗುತ್ತದೆ: ಕುದುರೆ ಕಮ್ಮಿಯಾಗಿದೆ, ತಲಾ ಒಂದೊಂದು ಕುದುರೆಯ ಸುತ್ತ ತಿರುಗುವ ಹಣ ಹೆಚ್ಚಾಗಿದೆ. ಮೇವು, ಔಷಧ, ವಿಮೆ, ಸಾಗಣೆ, ತರಬೇತಿ, ಉಡುಪು, ಜೀನು, ಎಲ್ಲವೂ ಅದರಲ್ಲಿ ಸೇರಿವೆ.

ಆ ಹಣ ಲಾಯದವರ ಕೈಯಲ್ಲಿ ನಿಲ್ಲುತ್ತದೆಯೇ ಅನ್ನುವುದು ಬೇರೆ ಮಾತು. ನಾನು ನೋಡಿದ ಹೆಚ್ಚಿನ ಸವಾರಿ ಶಾಲೆಗಳ ಲೆಕ್ಕದಲ್ಲಿ ಯಜಮಾನರ ಸ್ವಂತ ದುಡಿಮೆಗೆ ಸಂಬಳವೇ ಬರೆದಿರುವುದಿಲ್ಲ. ಅದನ್ನು ಬರೆದ ದಿನ ಲಾಭ ಅಂತ ತೋರುತ್ತಿದ್ದ ಅಂಕಿ ಕರಗಿಹೋಗುತ್ತದೆ.

ತಳಿಗಾರ

ತಳಿ ಸಾಕುವವರ ಕಡೆಯಿಂದ ನಾಲ್ಕು ಮಾತು, ಸ್ವಲ್ಪ ಉದ್ದವಾಗುತ್ತದೆ.

ಉತ್ತರ ಅಮೆರಿಕದಲ್ಲಿ ಥರೋಬ್ರೆಡ್, ಅಂದರೆ ರೇಸಿನ ತಳಿಯ ಕುದುರೆ ಮರಿಗಳ ಸಂಖ್ಯೆ 1986ರಲ್ಲಿ ತುತ್ತತುದಿಗೆ ಹೋಗಿತ್ತು, ಒಂದೇ ವರ್ಷ 51,000ಕ್ಕೂ ಮೇಲೆ. ಈಗ ಹದಿನೇಳು ಹದಿನೆಂಟು ಸಾವಿರದ ಆಸುಪಾಸಿನಲ್ಲಿದೆ. ಮೂರರಲ್ಲಿ ಎರಡು ಪಾಲು ಹೋಯಿತು. ಹೋದವರು ಯಾರು? ಒಂದೆರಡು ಹೆಣ್ಣು ಕುದುರೆ ಇಟ್ಟುಕೊಂಡು, ವರ್ಷಕ್ಕೊಂದು ಮರಿ ಮಾರಿ ಮನೆ ನಡೆಸುತ್ತಿದ್ದ ನಮ್ಮಂಥ ಸಣ್ಣವರು. ಗರ್ಭ ಹನ್ನೊಂದು ತಿಂಗಳು, ಮರಿ ಹರಾಜಿಗೆ ಬರಲು ಇನ್ನೊಂದು ವರ್ಷದ ಮೇಲೆ. ಗಂಡು ಕುದುರೆಗೆ ಶುಲ್ಕ ಕಟ್ಟಿದ ದಿನ ಇದ್ದ ಮಾರುಕಟ್ಟೆ ಮರಿ ಮಾರುವ ದಿನ ಇರುತ್ತದೆ ಅನ್ನುವ ಖಾತ್ರಿ ಇಲ್ಲ.

ಇತ್ತ ಮೇಲ್ತುದಿಯ ಹರಾಜಿನಲ್ಲಿ ಹಣ ಸುರಿಯುತ್ತದೆ. 2006ರಲ್ಲಿ 'ದಿ ಗ್ರೀನ್ ಮಂಕಿ' ಅನ್ನುವ ಎರಡು ವರ್ಷದ ಕುದುರೆ 1.6 ಕೋಟಿ ಡಾಲರಿಗೆ ಹೋಯಿತು. ಅದು ಓಡಿದ್ದು ಮೂರೇ ರೇಸು, ಒಂದನ್ನೂ ಗೆಲ್ಲಲಿಲ್ಲ, ಗಳಿಸಿದ್ದು 10,440 ಡಾಲರು. ಇದನ್ನು ಕೊಂಡವರನ್ನು ಹಳಿಯಲು ಹೇಳುತ್ತಿಲ್ಲ. ವಂಶಾವಳಿ ನೋಡಿ, ಒಂದು ಫರ್ಲಾಂಗಿನ ವೇಗ ನೋಡಿ ಬೆಲೆ ಕಟ್ಟುವುದು ಎಷ್ಟು ಕಷ್ಟ ಅನ್ನುವುದಕ್ಕೆ ಹೇಳಿದೆ. ಹೆಸರಾದ ಗಂಡು ಕುದುರೆಗಳ ಕಡೆಗೇ ಎಲ್ಲರೂ ಓಡುವುದು ಅದಕ್ಕೇ. ಒಂದು ಗಂಡು ಕುದುರೆಗೆ ವರ್ಷಕ್ಕೆ 140 ಹೆಣ್ಣು ಕುದುರೆಗಳ ಮಿತಿ ಹಾಕಲು ಅಮೆರಿಕದಲ್ಲಿ ಈ ತಳಿಯ ನೋಂದಣಿ ನಡೆಸುವ ಜಾಕಿ ಕ್ಲಬ್ 2020ರಲ್ಲಿ ನಿಯಮ ಮಾಡಿತು, ಕೋರ್ಟು, ರಾಜಕೀಯ ಎಲ್ಲ ಸೇರಿ 2022ರಲ್ಲಿ ಹಿಂತೆಗೆದುಕೊಂಡಿತು. ರಕ್ತಸಂಬಂಧ ಹತ್ತಿರವಾಗುತ್ತಾ ಹೋಗುವ ಭಯ ಮಾತ್ರ ಹಾಗೇ ಉಳಿದಿದೆ. ನನ್ನ ಮಟ್ಟಿಗೆ ಆ ಮಿತಿ ಇರಬೇಕಿತ್ತು.

ಥರೋಬ್ರೆಡ್‌ನಲ್ಲಿ ನೇರ ಕೂಡಿಕೆಯೇ ಆಗಬೇಕು, ಕೃತಕ ಗರ್ಭಧಾರಣೆಯಿಂದ ಹುಟ್ಟಿದ ಮರಿಗೆ ನೋಂದಣಿ ಇಲ್ಲ. ಹಾಗಾಗಿ ಗಂಡು ಕುದುರೆಗಳೇ ವಿಮಾನ ಹತ್ತಿ, ಉತ್ತರಾರ್ಧ ಗೋಳದ ಋತು ಮುಗಿಸಿ ದಕ್ಷಿಣಕ್ಕೆ ಹೋಗುತ್ತವೆ. ಸ್ಪರ್ಧೆಯ ಕುದುರೆ, ಪೋಲೊ ಕುದುರೆಗಳ ಲೋಕವೇ ಬೇರೆ. ಅಲ್ಲಿ ಹೆಪ್ಪುಗಟ್ಟಿಸಿದ ವೀರ್ಯ, ಭ್ರೂಣ ವರ್ಗಾವಣೆ ದಿನನಿತ್ಯದ ಮಾತು. ತಾಯಿ ಕುದುರೆ ಸ್ಪರ್ಧೆಯಲ್ಲೇ ಇರುತ್ತದೆ, ಮರಿ ಇನ್ನೊಂದರ ಹೊಟ್ಟೆಯಲ್ಲಿ ಬೆಳೆಯುತ್ತದೆ. 2003ರಲ್ಲಿ ಇಟಲಿಯಲ್ಲಿ ಮೊದಲ ತದ್ರೂಪಿ (ಕ್ಲೋನ್) ಕುದುರೆ ಪ್ರೊಮಿಟಿಯಾ ಹುಟ್ಟಿತು. ಅದು ಯಾವ ಕುದುರೆಯ ತದ್ರೂಪವೋ ಅದೇ ಕುದುರೆಯೇ ಅದನ್ನು ಹೊತ್ತು ಹೆತ್ತಿತ್ತು. 2016ರ ಹೊತ್ತಿಗೆ ಅರ್ಜೆಂಟೀನಾದ ಪೋಲೊ ಆಟಗಾರ ಅಡಾಲ್ಫೊ ಕಾಂಬಿಯಾಸೊ, ಕ್ವಾರ್ಟೆಟೇರಾ ಎಂಬ ಒಂದೇ ಕುದುರೆಯ ಆರು ತದ್ರೂಪಿಗಳನ್ನು ಏರಿ ತಮ್ಮ ದೇಶದ ದೊಡ್ಡ ಪಂದ್ಯ ಗೆದ್ದರು.

ಇದನ್ನೆಲ್ಲ ಯಾಕೆ ಬರೆದೆ ಅಂದರೆ, ನಾವು ಹಿಂದೆ ಮಾರುತ್ತಿದ್ದದ್ದು ಮರಿ. ಈಗ ಬೆಲೆ ಇರುವುದು ವಂಶಕ್ಕೆ, ವೀರ್ಯಕ್ಕೆ, ಭ್ರೂಣಕ್ಕೆ. ಮರಿ ಸಾಕುವ ಕೆಲಸಕ್ಕೆ ಬೆಲೆ ಇಳಿದಿದೆ.

ಕಟಕಟೆ_ಪಕ್ಕ

ರೇಸಿನ ಮಾತು ನಾನು ಹೇಳುತ್ತೇನೆ. ಚಿಕ್ಕಂದಿನಿಂದ ಕಟಕಟೆ ಹಿಡಿದು ನಿಂತು ನೋಡಿದವನು, ಮುಚ್ಚಿದ ಸುದ್ದಿ ಓದುವಾಗ ಸಂಕಟವಾಗುತ್ತದೆ.

2024 ಒಂದೇ ವರ್ಷದಲ್ಲಿ ಮಕಾವ್ ರೇಸು ನಿಲ್ಲಿಸಿತು, ಅಮೆರಿಕದ ಗೋಲ್ಡನ್ ಗೇಟ್ ಫೀಲ್ಡ್ಸ್ ರೇಸುಕೋರ್ಸು ಮುಚ್ಚಿತು. ಅಕ್ಟೋಬರ್ 5ರಂದು ಸಿಂಗಪುರದಲ್ಲಿ ಕೊನೆಯ ರೇಸು ಓಡಿತು. ಅಲ್ಲಿನ ಟರ್ಫ್ ಕ್ಲಬ್ಬು 1842ರದು. ಆ ಜಾಗ, ಸುಮಾರು 120 ಹೆಕ್ಟೇರು, ಮನೆಗಳಿಗೆ ಬೇಕು ಅಂತ ಸರಕಾರ ಹಿಂಪಡೆಯಲು ತೀರ್ಮಾನಿಸಿತು. ಊರ ಹೊರಗೆ ಅಂತ ಕಟ್ಟಿದ ರೇಸುಕೋರ್ಸು ಊರು ಬೆಳೆದಂತೆ ಊರ ನಡುವೆ ಬರುತ್ತದೆ. ಆಮೇಲೆ ಅಲ್ಲಿ ಕುದುರೆ ಓಡುವುದಕ್ಕಿಂತ ಮನೆ ಕಟ್ಟುವುದೇ ಲೇಸು ಅನ್ನುವ ವಾದ ಗೆಲ್ಲುತ್ತದೆ.

ಇನ್ನೊಂದು ಪೆಟ್ಟು ಜೂಜಿನಿಂದಲೇ ಬಂತು. ಬಹುಕಾಲ ಅನೇಕ ಕಡೆ ಕಾನೂನು ಒಪ್ಪಿದ ಬಾಜಿ ಅಂದರೆ ಕುದುರೆ ಮಾತ್ರ. ಲಾಟರಿ ಬಂತು, ಕ್ಯಾಸಿನೊ ಬಂತು, 2018ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಬೇರೆ ಕ್ರೀಡೆಗಳ ಬಾಜಿಗೂ ರಾಜ್ಯಗಳಿಗೆ ದಾರಿ ಬಿಟ್ಟಿತು. ಈಗ ಹಲವು ಟ್ರ್ಯಾಕುಗಳಲ್ಲಿ ಬಹುಮಾನದ ಹಣ ರೇಸಿನ ಬಾಜಿಯಿಂದಲ್ಲ, ಪಕ್ಕದ ಯಂತ್ರಗಳ ಜೂಜಿನಿಂದ ಬರುತ್ತದೆ. ಆ ಹಣದ ಮೇಲೆ ನಿಂತ ರೇಸಿಗೆ ತಳಪಾಯ ಗಟ್ಟಿ ಅಂತ ನನಗನ್ನಿಸುವುದಿಲ್ಲ. ಕಾನೂನು ಒಂದು ಸಲ ತಿರುಗಿದರೆ ಎಲ್ಲವೂ ಹೋದೀತು.

ಹಾಂಗ್‌ಕಾಂಗ್ ಬೇರೆ ರೀತಿ. ಅಲ್ಲಿ ತಳಿ ಸಾಕಣೆಯೇ ಇಲ್ಲ, ಓಡುವ ಕುದುರೆಗಳೆಲ್ಲ ಹೊರಗಿನಿಂದ ಬಂದವು. ಆದರೂ ಒಂದೇ ಸಂಸ್ಥೆ ಬಾಜಿ, ರೇಸು, ಕುದುರೆಗಳ ವಾಸ, ದಾನಧರ್ಮ ಎಲ್ಲವನ್ನೂ ಲಾಭದ ಉದ್ದೇಶವಿಲ್ಲದೆ ನಡೆಸುವುದರಿಂದ ಗಟ್ಟಿಯಾಗಿ ನಿಂತಿದೆ. ಸೌದಿಯವರು 2020ರಲ್ಲಿ ಎರಡು ಕೋಟಿ ಡಾಲರ್ ಬಹುಮಾನದ ರೇಸು ಶುರು ಮಾಡಿದರು.

ಪಾಲು ಮಾರುವ ಪದ್ಧತಿಯನ್ನು ಮೇಡಂ ಸ್ವಲ್ಪ ಬೇಸರದಿಂದ ಹೇಳಿದಂತೆ ಕಂಡಿತು. ನನಗೆ ಅದು ಆಶಾಕಿರಣ. 2020ರಲ್ಲಿ ಅಮೆರಿಕದ ಹೆಸರಾಂತ ರೇಸು ಕೆಂಟಕಿ ಡರ್ಬಿ ಗೆದ್ದ ಅಥೆಂಟಿಕ್ ಅನ್ನುವ ಕುದುರೆಗೆ ಐದು ಸಾವಿರಕ್ಕೂ ಹೆಚ್ಚು ಸಣ್ಣ ಪಾಲುದಾರರಿದ್ದರು. ಕುದುರೆ ಕೊಳ್ಳುವ ಕನಸೂ ಕಾಣಲಾಗದವರು ನಮ್ಮ ಕುದುರೆ ಅಂತ ಕೂಗಿದರು. ಹೊಸ ಜನ ರೇಸಿಗೆ ಬರುವುದು ಹೀಗೇ ಅಲ್ಲವೇ?

ಲಾಯದೊಡತಿ

ಬೇಸರ ಅಲ್ಲ ಸರ್. ಒಂದೇ ಪ್ರಶ್ನೆ: ಗೆದ್ದ ದಿನ ಐದು ಸಾವಿರ ಜನಕ್ಕೆ ಪಾಲಿದೆ. ಕಾಲು ಮುರಿದ ದಿನ, ಇಪ್ಪತ್ತು ವರ್ಷವಾದ ದಿನ ಎಷ್ಟು ಜನಕ್ಕೆ ಪಾಲಿರುತ್ತದೆ? ಒಪ್ಪಂದದ ಕಾಗದದಲ್ಲಿ ಅದನ್ನು ಬರೆದಿದ್ದರೆ ನನ್ನ ತಕರಾರು ಇಲ್ಲ.

ಕಟಕಟೆ_ಪಕ್ಕ

ಒಪ್ಪಿದೆ. ಕೊಳ್ಳುವ ಮುಂಚೆ ಕೇಳಬೇಕಾದ ಮೊದಲ ಪ್ರಶ್ನೆಯೇ ಅದು. ನಾನು ಕೇಳಿರಲಿಲ್ಲ.

ಕುದುರೆ_ವೈದ್ಯೆ

ತಡವಾಗಿ ಬಂದೆ, ಕ್ಷಮಿಸಿ. ರಾತ್ರಿ ಎರಡು ಗಂಟೆಗೆ ಒಂದು ಕೋಲಿಕ್ (ತೀವ್ರ ಹೊಟ್ಟೆನೋವು) ಕೇಸಿಗೆ ಹೋಗಿದ್ದೆ. ಹೋಗುವಷ್ಟರಲ್ಲಿ ಕುದುರೆ ಮುಂಗಾಲಿನಿಂದ ನೆಲ ಕೆರೆಯುತ್ತಿತ್ತು, ಕತ್ತು ತಿರುಗಿಸಿ ಪಕ್ಕೆ ನೋಡಿಕೊಳ್ಳುತ್ತಿತ್ತು. ಹೊಟ್ಟೆಗೆ ಕಿವಿಗೊಟ್ಟರೆ ಕರುಳಿನ ಸದ್ದೇ ಇಲ್ಲ. ಮೂಗಿನಿಂದ ನಳಿಗೆ ಇಳಿಸಿ ಹೊಟ್ಟೆ ಹಗುರ ಮಾಡಿದೆವು. ಕುದುರೆಗೆ ವಾಂತಿ ಮಾಡಲಾಗುವುದಿಲ್ಲವಲ್ಲ, ನಾವೇ ತೆಗೆಯಬೇಕು. ಬೆಳಗಿನ ಹೊತ್ತಿಗೆ ಲದ್ದಿ ಹಾಕಿತು. ಲಾಯದ ಹುಡುಗ ಆ ಲದ್ದಿ ನೋಡಿ ಅತ್ತುಬಿಟ್ಟ.

ಇದನ್ನು ಬರೆದದ್ದು ಉದ್ಯಮದ ಬಗ್ಗೆಯೇ. ಹೀಗೆ ಎದ್ದು ಹೋಗುವವರು ಕಮ್ಮಿಯಾಗುತ್ತಿದ್ದಾರೆ. ಅಮೆರಿಕದ ಕುದುರೆ ವೈದ್ಯರ ಸಂಘದ ಪ್ರಕಾರ ಓದು ಮುಗಿಸಿದ ಹೊಸ ಪಶುವೈದ್ಯರಲ್ಲಿ ನೇರವಾಗಿ ಕುದುರೆ ಚಿಕಿತ್ಸೆಗೆ ಬರುವವರು ಶೇ. 1.3, ಇಂಟರ್ನ್‌ಶಿಪ್ ಮೂಲಕ ಬರುವವರು ಇನ್ನೊಂದು ಶೇ. 4.5. ಬಂದವರಲ್ಲೂ ಅರ್ಧದಷ್ಟು ಮಂದಿ ಐದು ವರ್ಷದೊಳಗೆ ಬಿಟ್ಟು ನಾಯಿ ಬೆಕ್ಕಿನ ಕ್ಲಿನಿಕ್ಕಿಗೆ ಹೋಗುತ್ತಾರೆ, ಇಲ್ಲವೇ ವೃತ್ತಿಯನ್ನೇ ಬಿಡುತ್ತಾರೆ. ಅವರನ್ನು ನಾನು ದೂರುವುದಿಲ್ಲ. ಅಲ್ಲಿ ಸಂಬಳ ಹೆಚ್ಚು, ರಾತ್ರಿ ನಿದ್ದೆ ಇದೆ, ಒದೆಸಿಕೊಳ್ಳುವ ಭಯ ಇಲ್ಲ.

ಪರಿಹಾರಕ್ಕೆ ದಾರಿಗಳು ತೆರೆಯುತ್ತಿವೆ. ನಾಲ್ಕೈದು ವೈದ್ಯರು ಸೇರಿ ರಾತ್ರಿ ಪಾಳಿ ಹಂಚಿಕೊಳ್ಳುವುದು, ಮೊದಲು ವಿಡಿಯೊದಲ್ಲಿ ನೋಡಿ ಹೊರಡಬೇಕೋ ಬೇಡವೋ ತೀರ್ಮಾನಿಸುವುದು, ಸಣ್ಣ ಕೆಲಸಕ್ಕೆ ಕುದುರೆಯನ್ನೇ ಕ್ಲಿನಿಕ್ಕಿಗೆ ತರಿಸುವುದು. ಲಾಯ ನಡೆಸುವವರು ಒಂದು ಮಾಡಿ: ನಾಡಿ, ಉಸಿರು, ಜ್ವರ ನೋಡುವುದನ್ನು ನಿಮ್ಮ ಹುಡುಗರಿಗೆ ಕಲಿಸಿ. ಸುಮ್ಮನೆ ನಿಂತ ಆರೋಗ್ಯವಂತ ಕುದುರೆಯ ನಾಡಿ ನಿಮಿಷಕ್ಕೆ 28ರಿಂದ 44. ಅರುವತ್ತು ದಾಟಿದೆ ಅಂತ ಫೋನಿನಲ್ಲಿ ಹೇಳಿದರೆ ನಾನು ಬಟ್ಟೆ ಬದಲಿಸುತ್ತಲೇ ಔಷಧ ಲೆಕ್ಕ ಹಾಕಬಹುದು.

ಗೊರಸು_ಲಾಳ

ಡಾಕ್ಟ್ರು ಹೇಳಿದ್ದೇ ನಮ್ಮ ಕಸುಬಿನ ಕಥೆ ಕೂಡ. ಆರರಿಂದ ಎಂಟು ವಾರಕ್ಕೊಮ್ಮೆ ಗೊರಸು ಕತ್ತರಿಸಲೇಬೇಕು, ಲಾಳ ಇದ್ದರೂ ಇಲ್ಲದಿದ್ದರೂ. ಬಗ್ಗಿ ನಿಂತು, ತೊಡೆ ಮಧ್ಯೆ ಕಾಲು ಹಿಡಿದು, ದಿನಕ್ಕೆ ಆರೇಳು ಕುದುರೆ ಮಾಡಿದರೆ ಸೊಂಟ ಉಳಿಯಲ್ಲ. ಕಲಿಯಲು ಬರುವ ಹುಡುಗರು ಒಂದು ವರ್ಷ ನಿಲ್ಲಲ್ಲ.

ಹೊಸದು ಬಂದಿಲ್ಲ ಅಂತಲ್ಲ. ಅಂಟಿನಿಂದ ಕೂರಿಸುವ ಲಾಳ, ಪ್ಲಾಸ್ಟಿಕ್ ಲಾಳ, ಸವಾರಿಗೆ ಮಾತ್ರ ತೊಡಿಸಿ ಬಿಚ್ಚುವ ಗೊರಸಿನ ಬೂಟು ಎಲ್ಲ ಬಂದಿವೆ. ಬರಿಗಾಲಲ್ಲೇ ಇಡುತ್ತೇವೆ ಅನ್ನೋ ಮಾಲೀಕರೂ ಹೆಚ್ಚಾದರು. ಕೆಲವು ಕುದುರೆಗೆ ಅದು ಒಗ್ಗುತ್ತೆ, ಕೆಲವಕ್ಕೆ ಒಗ್ಗಲ್ಲ. ಗೊರಸಿನ ಗೋಡೆ ತೆಳ್ಳಗಿದ್ದು, ಅಂಗಾಲು ಚಪ್ಪಟೆ ಇದ್ದರೆ ಕಲ್ಲು ನೆಲದಲ್ಲಿ ಅದು ಪಡುವ ಪಾಡು ನೋಡಕ್ಕಾಗಲ್ಲ. ವಿಡಿಯೊ ನೋಡಿ ತೀರ್ಮಾನ ಮಾಡಬೇಡಿ, ಕಾಲು ಎತ್ತಿ ನೋಡಿ.

ಸಮ_ಸವಾರಿ

ಯಾರೂ ಇನ್ನೂ ಮುಟ್ಟದ ವಿಷಯ, ಸಮಾಜದ ಒಪ್ಪಿಗೆ. ಸ್ಪರ್ಧೆಯಲ್ಲಿ ಇಪ್ಪತ್ತು ವರ್ಷ ಕಳೆದವಳು ನಾನು. ನಮ್ಮ ಉದ್ಯಮವನ್ನು ಮುಂದಿನ ಹತ್ತು ವರ್ಷ ತಿದ್ದುವುದು ಮೇವಿನ ಬೆಲೆಗಿಂತ ಹೆಚ್ಚಾಗಿ ಇದೇ ಅಂತ ನನ್ನ ನಂಬಿಕೆ.

2021ರಲ್ಲಿ ಟೋಕಿಯೊ ಒಲಿಂಪಿಕ್ಸ್‌ನ ಮಾಡರ್ನ್ ಪೆಂಟಾಥ್ಲಾನ್ (ಕುದುರೆ ಸವಾರಿಯೂ ಸೇರಿ ಐದು ಆಟಗಳ ಸ್ಪರ್ಧೆ) ನೋಡಿದವರಿಗೆ ನೆನಪಿರುತ್ತದೆ. ಸೇಂಟ್ ಬಾಯ್ ಅನ್ನುವ ಕುದುರೆ ನೆಗೆಯಲು ಒಪ್ಪಲಿಲ್ಲ, ಏರಿದ್ದ ಮಹಿಳೆ ಅಳುತ್ತಾ ಚಾವಟಿ ಬೀಸಿದರು, ತರಬೇತುದಾರರು ಕುದುರೆಗೆ ಗುದ್ದಿದರು. ಚೀಟಿ ಎತ್ತಿ ಸಿಕ್ಕ ಅಪರಿಚಿತ ಕುದುರೆಯನ್ನು ಇಪ್ಪತ್ತು ನಿಮಿಷದಲ್ಲಿ ಪಳಗಿಸಿಕೊಂಡು ನೆಗೆಸಬೇಕೆಂಬ ನಿಯಮವೇ ತಪ್ಪಾಗಿತ್ತು. ಜಗತ್ತೆಲ್ಲ ಅದನ್ನು ನೋಡಿತು. 1912ರಿಂದ ಆ ಸ್ಪರ್ಧೆಯ ಭಾಗವಾಗಿದ್ದ ಕುದುರೆ ಸವಾರಿ 2024ರ ಪ್ಯಾರಿಸ್ ಒಲಿಂಪಿಕ್ಸ್‌ಗೆ ಕೊನೆಯಾಯಿತು. ಮುಂದಕ್ಕೆ ಅದರ ಜಾಗದಲ್ಲಿ ಅಡೆತಡೆಗಳ ಓಟ. ಅಂದರೆ ಕೆಲವು ನಿಮಿಷದ ದೃಶ್ಯ ನೂರು ವರ್ಷದ ಸ್ಥಾನವನ್ನು ತೆಗೆದುಹಾಕಿತು.

ರೇಸಿನಲ್ಲೂ ಅದೇ. 2019ರಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ಅನಿಟಾ ರೇಸುಕೋರ್ಸಿನಲ್ಲಿ ಒಂದೇ ಋತುವಿನಲ್ಲಿ 30 ಕುದುರೆಗಳು ಸತ್ತವು. ಆ ಆಕ್ರೋಶದ ಹಿಂದೆಯೇ 2020ರಲ್ಲಿ ಅಮೆರಿಕಕ್ಕೆಲ್ಲ ಒಂದೇ ಸುರಕ್ಷತಾ ಕಾನೂನು ಬಂತು. ಅದರ ಅಡಿಯಲ್ಲಿ ಟ್ರ್ಯಾಕ್ ಸುರಕ್ಷತೆಯ ನಿಯಮ 2022ರಲ್ಲಿ, ಮದ್ದಿನ ತಪಾಸಣೆ 2023ರಲ್ಲಿ ಜಾರಿಯಾಯಿತು. ಬ್ರಿಟನ್ನಿನಲ್ಲಿ 2023ರಿಂದ ಚಪ್ಪಟೆ ರೇಸಿನಲ್ಲಿ ಆರು, ನೆಗೆತದ ರೇಸಿನಲ್ಲಿ ಏಳು ಪೆಟ್ಟಿಗಿಂತ ಹೆಚ್ಚು ಚಾವಟಿ ಬಳಸುವಂತಿಲ್ಲ.

ಇದರಿಂದ ಖರ್ಚು ಹೆಚ್ಚಾಗುತ್ತದೆ, ಹೌದು. ಆದರೆ ಮುಂಗಾಲಿನ ಕೀಲನ್ನು ಕುದುರೆ ನಿಂತಲ್ಲೇ ಸ್ಕ್ಯಾನ್ ಮಾಡುವ ಯಂತ್ರ, ಓಟದಲ್ಲಿ ಹೆಜ್ಜೆಯ ವ್ಯತ್ಯಾಸ ಹಿಡಿಯುವ ಸೆನ್ಸಾರು, ಇವೆಲ್ಲ ಬಂದದ್ದು ಆ ಒತ್ತಡದಿಂದಲೇ. ಮೂಳೆ ಮುರಿಯುವ ಮುಂಚೆ ಸಣ್ಣ ಬಿರುಕು ಕಾಣುವುದಾದರೆ, ಆ ಖರ್ಚನ್ನು ಹೊರೆ ಅನ್ನಲು ನನಗೆ ಮನಸ್ಸು ಬಾರದು.

ಮೊದಲ_ಕುದುರೆ

ನಾನು ಹೊಸಬ, ನನ್ನದೊಂದು ನೋವು ಹೇಳಿಕೊಳ್ಳುತ್ತೇನೆ. ಹೋದ ವರ್ಷ ಆನ್‌ಲೈನಿನಲ್ಲಿ ನೋಡಿ ಕುದುರೆ ಕೊಂಡೆ. ವಿಡಿಯೊದಲ್ಲಿ ಚೆನ್ನಾಗಿ ಓಡುತ್ತಿತ್ತು, ಮಾರಿದವರು ಸಭ್ಯವಾಗಿ ಮಾತಾಡಿದರು. ಮನೆಗೆ ಬಂದು ಗಟ್ಟಿ ನೆಲದ ಮೇಲೆ ನಡೆದ ಮೊದಲ ದಿನವೇ ಬಲಗಾಲು ಕುಂಟಿತು. ವಿಡಿಯೊ ತೆಗೆದದ್ದೆಲ್ಲ ಮೆತ್ತನೆ ಮರಳಿನ ಮೇಲೆ, ಅದೂ ಎಡಕ್ಕೆ ಸುತ್ತುವಾಗ ಮಾತ್ರ. ಆಮೇಲೆ ಅವರು ಫೋನು ಎತ್ತಲಿಲ್ಲ. ನಾನು ಕುದುರೆಯನ್ನು ವಾಪಸು ಮಾರಲಿಲ್ಲ, ಇನ್ನೊಬ್ಬರಿಗೆ ಇದೇ ಮೋಸ ಮಾಡಲು ಮನಸ್ಸಾಗಲಿಲ್ಲ.

ಕುದುರೆ_ವೈದ್ಯೆ

ಒಳ್ಳೆಯ ಕೆಲಸ ಮಾಡಿದಿರಿ ತಮ್ಮಾ. ಆನ್‌ಲೈನ್ ಹರಾಜು, ವಿಡಿಯೊ ಮಾರಾಟ ಇನ್ನು ಹಿಂದೆ ಹೋಗುವುದಿಲ್ಲ, ಕೋವಿಡ್ ಕಾಲದಲ್ಲಿ ಗಟ್ಟಿಯಾಗಿ ಬೇರೂರಿತು. ಕೊಳ್ಳುವವರು ತಮ್ಮದೇ ವೈದ್ಯರನ್ನು ಕಳಿಸಬೇಕು, ಮಾರುವವರ ವೈದ್ಯರನ್ನಲ್ಲ. ಗಟ್ಟಿ ನೆಲ, ಮೆತ್ತನೆ ನೆಲ, ಎಡ ಸುತ್ತು, ಬಲ ಸುತ್ತು ನಾಲ್ಕೂ ನೋಡಬೇಕು. ಕತ್ತಿನ ಎಡಭಾಗದ ಮೈಕ್ರೋಚಿಪ್ಪಿನ ಹದಿನೈದು ಅಂಕಿಯನ್ನು ಕಾಗದದ ಜೊತೆ ತಾಳೆ ಹಾಕಬೇಕು. ಇದು ಕಡ್ಡಾಯವಾದ ಕಡೆಗಳಲ್ಲಿ ಕುದುರೆ ಬದಲಿಸಿ ಮಾರುವ ಹಳೆಯ ಮೋಸ ಬಹಳ ಕಷ್ಟವಾಗಿದೆ.

ನೆಲದ_ಪಾಠ

ಸವಾರಿ ಇಲ್ಲದೆಯೂ ಸಂಪಾದನೆ ಆಗುತ್ತದೆ ಅಂತ ಹೇಳಲು ಬಂದೆ. ಮಕ್ಕಳು, ಮನಸ್ಸು ನೊಂದವರು ಕುದುರೆಯ ಜೊತೆ ನಿಲ್ಲುವುದು, ಮೈ ಉಜ್ಜುವುದು, ಹಗ್ಗ ಹಿಡಿದು ನಡೆಸುವುದು, ಇಷ್ಟೇ ನಮ್ಮ ತರಗತಿ. ಆದರೆ ಒಂದು ಎಚ್ಚರಿಕೆ. ಸವಾರಿಗೆ ಆಗದ ಮುದಿ ಕುದುರೆಯನ್ನು ಇದಕ್ಕೆ ಹಾಕಿದರಾಯಿತು ಅಂತ ಅನೇಕ ಲಾಯದವರು ಅಂದುಕೊಳ್ಳುತ್ತಾರೆ. ಕೀಲುನೋವಿರುವ ಕುದುರೆ ಮುಟ್ಟಿದರೆ ಕಿವಿ ಹಿಂದಕ್ಕೆ ಹಾಕುತ್ತದೆ. ಅದು ಬೇಡ ಅನ್ನುತ್ತಿದೆ. ಆ ಮಾತು ಕೇಳದೆ ಮಗುವನ್ನು ಪಕ್ಕದಲ್ಲಿ ನಿಲ್ಲಿಸಿದರೆ ಇಬ್ಬರಿಗೂ ಅನ್ಯಾಯ.

ಲೆಕ್ಕಿಗ

ಮೇಡಂ ಎತ್ತಿದ ಪ್ರಶ್ನೆಗೆ ಲೆಕ್ಕದ ಉತ್ತರ ಒಂದಿದೆ. ಕಾರಿಗೆ ಸವಕಳಿ ಬರೆಯುತ್ತೇವೆ. ಕುದುರೆಗೂ ಬರೆಯುತ್ತೇವೆ, ಆದರೆ ಸವಕಳಿ ಮುಗಿದ ಮೇಲೆ ಕುದುರೆಯ ಬೆಲೆ ಸೊನ್ನೆ ಅಂತ ಪುಸ್ತಕ ಹೇಳುತ್ತದೆ, ಮೇವಿನ ಖರ್ಚು ಸೊನ್ನೆ ಆಗುವುದಿಲ್ಲ. ಆರು ವರ್ಷಕ್ಕೆ ಕೆಲಸ ಶುರು ಮಾಡಿ ಹತ್ತೊಂಬತ್ತಕ್ಕೆ ನಿವೃತ್ತಿಯಾಗುವ ಶಾಲೆ ಕುದುರೆ ಇಪ್ಪತ್ತೇಳರವರೆಗೆ ಬದುಕಿದರೆ, ಹದಿಮೂರು ವರ್ಷದ ದುಡಿಮೆ ಎಂಟು ವರ್ಷದ ಊಟ ಕಟ್ಟಬೇಕು. ಪ್ರತಿ ಗಂಟೆಯ ಶುಲ್ಕದಲ್ಲಿ ಒಂದು ಪಾಲನ್ನು ಮೊದಲ ದಿನದಿಂದಲೇ ಬೇರೆ ಖಾತೆಗೆ ಹಾಕಿ. ಬ್ರಿಟನ್ನಿನಲ್ಲಿ ರೇಸು ಬಿಟ್ಟ ಕುದುರೆಗಳ ಮರುತರಬೇತಿಗೆ 2000ದಲ್ಲಿ, ಅಮೆರಿಕದಲ್ಲಿ ಆಶ್ರಯಧಾಮಗಳಿಗೆ ಮಾನ್ಯತೆ, ಅನುದಾನ ಕೊಡಲು 2012ರಲ್ಲಿ ಸಂಸ್ಥೆ ಹುಟ್ಟಿದ್ದು ಇದೇ ಯೋಚನೆಯಿಂದ. ರೇಸಿನವರು ತಡವಾಗಿಯಾದರೂ ಮಾಡಿದರು. ಸವಾರಿ ಶಾಲೆಗಳಿಗೆ ಅಂಥ ನಿಧಿ ಇರುವುದನ್ನು ನಾನು ನೋಡಿಲ್ಲ.

ಸಮ_ಸವಾರಿ

ಶುಲ್ಕ ಹೆಚ್ಚಿಸಿದರೆ ಜನ ಬರುವುದಿಲ್ಲ ಅನ್ನುವ ಭಯ ಎಲ್ಲರಿಗೂ ಇದೆ. ನನ್ನ ಗುರುಗಳ ಶಾಲೆಯಲ್ಲಿ ರಸೀದಿಯ ಮೇಲೇ ಬರೆಯುತ್ತಿದ್ದರು, ಇಷ್ಟು ಭಾಗ ಹಿರಿಯ ಕುದುರೆಗಳ ಮೇವಿಗೆ ಅಂತ. ಒಬ್ಬರೂ ತಕರಾರು ಮಾಡಿದ್ದು ನೆನಪಿಲ್ಲ. ಕುದುರೆಯ ಕತ್ತು ತಬ್ಬಿಕೊಂಡು ಹೋಗುವ ಮಕ್ಕಳ ಅಪ್ಪ ಅಮ್ಮ ಅಲ್ಲವೇ ಅವರು.

ಲಾಯದೊಡತಿ

ಎಲ್ಲರ ಮಾತನ್ನೂ ಎರಡೆರಡು ಸಲ ಓದಿದೆ. ರಸೀದಿಯ ಮಾತು ನನಗೆ ಹಿಡಿಸಿತು. ಮುಂದಿನ ತಿಂಗಳಿನಿಂದ ಹಾಗೇ ಬರೆಸುತ್ತೇನೆ. ಒಂದು ಕುದುರೆ ದಿನಕ್ಕೆ ಎರಡು ಗಂಟೆಗಿಂತ ಹೆಚ್ಚು ಸವಾರಿ ಕೊಡದಂತೆ ಬುಕಿಂಗ್‌ನಲ್ಲೇ ಮಿತಿ ಹಾಕಿಸಿದೆ. ಶನಿವಾರದ ಆದಾಯ ಇಳಿಯುತ್ತದೆ, ಇಳಿಯಲಿ.

ಡಾಕ್ಟ್ರೇ, ನಿಮಗೊಂದು ಪ್ರಶ್ನೆ. ಕಸ್ತೂರಿಗೆ ಈಗ ಇಪ್ಪತ್ತನಾಲ್ಕು. ಶಾಲೆ ಶುರುವಾದ ವರ್ಷದಿಂದ ಇದ್ದವಳು. ಎರಡು ವಾರದಿಂದ ಒಣಮೇವು ಅಗಿದು ಅಗಿದು ಉಂಡೆ ಮಾಡಿ ಉಗುಳುತ್ತಿದ್ದಾಳೆ. ದೊಡ್ಡಿಯ ಬುಡದಲ್ಲಿ ದಿನಾ ಬೆಳಗ್ಗೆ ಎಂಟು ಹತ್ತು ಉಂಡೆ ಬಿದ್ದಿರುತ್ತವೆ. ಹಸಿವೇನೋ ಇದೆ, ಬಕೀಟಿನ ಸದ್ದಾದರೆ ಕೆನೆಯುತ್ತಾಳೆ. ಪಕ್ಕೆಲುಬು ಕೈಗೆ ಸಿಗುತ್ತಿವೆ.

ಕುದುರೆ_ವೈದ್ಯೆ

ಹಲ್ಲು ಸವೆದಿದೆ, ಇಲ್ಲವೇ ಒಂದು ಸಡಿಲವಾಗಿದೆ. ಇವತ್ತಿನಿಂದ ಉದ್ದ ಮೇವು ನಿಲ್ಲಿಸಿ, ಮೇವಿನ ಗುಳಿಗೆಯನ್ನು ನೀರಲ್ಲಿ ಪೂರ್ತಿ ನೆನೆಸಿ ಗಂಜಿಯ ಹದಕ್ಕೆ ತಂದು ನಾಲ್ಕು ಹೊತ್ತು ಹಂಚಿ ಕೊಡಿ. ಉಗುಳಿದ ಉಂಡೆಯ ಫೋಟೊ ಹಾಗೂ ಪಕ್ಕದಿಂದ ನಿಂತ ಫೋಟೊ ಕಳಿಸಿ. ಹತ್ತಿರದ ವೈದ್ಯರು ಬಾಯಿ ತೆರೆದು ಒಳಗೆ ದೀಪ ಹಿಡಿದು ನೋಡುವವರೆಗೆ ಬೇರೇನೂ ಬದಲಿಸಬೇಡಿ.

ಲಾಯದೊಡತಿ

ನೆನೆಹಾಕಿ ಬಂದೆ. ಫೋಟೊ ಬೆಳಗ್ಗೆ ಬೆಳಕಾದ ಮೇಲೆ ಕಳಿಸುತ್ತೇನೆ.